ಹುಸೇನಮ್ಮನ ಸ್ಕಾಲರ್‌ಶಿಪ್

ನಿವೃತ್ತಿಯಾದ ಮೇಲೂ ನನ್ನ ಕುರ್ಚಿ ನನ್ನನ್ನು ಬಿಟ್ಟಿಲ್ಲ. ಶಹಾಪುರದ ಒಂದು ಖಾಸಗಿ ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ವಿಭಾಗದ ಗುಮಾಸ್ತನಾಗಿ ತಲೆಗೂದಲು ಬೆಳ್ಳಗಾಗುವವರೆಗೆ ಕೂತೆ. ಈಗ ಅಲ್ಲಿ ಸವಿತಾ ಎಂಬ ಹುಡುಗಿ ಕೂತಿದ್ದಾಳೆ. ಚುರುಕು ಇದ್ದಾಳೆ, ಕಂಪ್ಯೂಟರ್ ನನಗಿಂತ ಚೆನ್ನಾಗಿ ಬಲ್ಲಳು. ಆದರೂ ಅರ್ಜಿ ಹಾಕುವ ಕಾಲ ಬಂತೆಂದರೆ ಸುರಪುರದ ರಂಗಂಪೇಟೆಯ ನಮ್ಮ ಮನೆಗೆ ಫೋನ್ ಬರುತ್ತದೆ. "ಸರ್, ಊಟ ಆತೇನ್ರಿ?" ಎಂದು ಶುರು ಮಾಡುತ್ತಾಳೆ. ಅದು ಊಟ ಕೇಳುವ ಫೋನ್ ಅಲ್ಲವೆಂದು ಇಬ್ಬರಿಗೂ ಗೊತ್ತು. ನನ್ನ ಹೆಂಡತಿ ಅಡುಗೆಮನೆಯಿಂದಲೇ, "ನೌಕರಿ ಛೂಟ್ ಗಯಿ, ನೌಕರಿಕಾ ಭೂತ್ ನೈ ಛೂಟ್ಯಾ," ಎನ್ನುತ್ತಾಳೆ. ನೌಕರಿ ಬಿಟ್ಟಿತು, ನೌಕರಿಯ ದೆವ್ವ ಬಿಡಲಿಲ್ಲ ಎಂದು ಅದರ ಅರ್ಥ. ಆಕೆ ಹೇಳುವುದರಲ್ಲಿ ತಪ್ಪೇನಿಲ್ಲ.

ಫೋನಿನಲ್ಲಿ ತುಂಡುತುಂಡಾಗಿ ಹೇಳಿ ನನಗೂ ಸಾಕಾಗಿದೆ. ಒಮ್ಮೆ ಕೂತು ಬರೆದುಬಿಟ್ಟರೆ ಸವಿತಾಳಿಗೂ ಅವಳಂತೆ ಹೊಸದಾಗಿ ಸೇರುವವರಿಗೂ ಉಪಯೋಗವಾದೀತು. ಸೇವೆ, ಸಾರ್ಥಕತೆ ಎಂಬ ಮಾತುಗಳನ್ನು ಹುಡುಕುವವರು ಇದನ್ನು ಓದುವುದು ಬೇಡ. ಬೀಳ್ಕೊಡುಗೆಯ ದಿನ ಅವನ್ನೆಲ್ಲ ಬೇರೆಯವರು ಹೇಳಿ ಮುಗಿಸಿದ್ದಾರೆ. ನನಗಂತೂ ದಣಿವಾಗಿದೆ, ಮಾತು ಆ ದಣಿವಿನದೇ.

ನಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ, ಬಡಮಕ್ಕಳಿಗೆ ದುಡ್ಡು ಕೊಡಿಸುವುದು ಎಂದು ಮೊದಮೊದಲು ಹೆಮ್ಮೆಯಿಂದ ಹೇಳುತ್ತಿದ್ದೆ. ಹಾಗೆ ಹೇಳುವುದನ್ನು ಬಹಳ ಬೇಗ ಬಿಟ್ಟೆ. ಎದುರಿಗೆ ನಿಂತ ಹುಡುಗ ಆ ಹುಡುಗನೇ ಎಂದು, ಅವನ ಅಪ್ಪ ಅವನ ಅಪ್ಪನೇ ಎಂದು, ಅವರು ಬಡವರೇ ಎಂದು, ಅವರನ್ನು ಒಮ್ಮೆಯೂ ನೋಡದವರಿಗೆ ನಂಬಿಸುವುದು ನಮ್ಮ ಕೆಲಸ. ನಂಬಿದರೆ ದುಡ್ಡು ಬರುತ್ತದೆ, ನಂಬದಿದ್ದರೆ ಅರ್ಜಿ ವಾಪಸು ಬರುತ್ತದೆ. ನನ್ನ ಕಾಲದಲ್ಲಿ ವಾಪಸು ಬಂದದ್ದೇ ಹೆಚ್ಚು.

ನಾನು ಸೇರಿದಾಗ ಎಲ್ಲವೂ ಕಾಗದ. ಸೂಪರಿಂಟೆಂಡೆಂಟರು ಶರಣಪ್ಪ ಎಂಬುವರು. ಎಲೆ ಅಡಿಕೆ ಹಾಕಿಕೊಂಡೇ ಬೈಯುತ್ತಿದ್ದರು, ಬೈಗುಳದ ಅರ್ಧ ಬಾಯೊಳಗೇ ಉಳಿಯುತ್ತಿತ್ತು. ಒಂದು ದಿನ ಕಿಟಕಿಗೆ ಬಂದ ಒಬ್ಬ ತಾಯಿಗೆ ನಾನು "ನಾಳೆ ಬಾರಮ್ಮ" ಎಂದೆ. ಶರಣಪ್ಪನವರು ಎದ್ದು ಹೋಗಿ ಉಗುಳಿ ಬಂದರು. ನನಗೆ ಭಯವಾಯಿತು, ಏಕೆಂದರೆ ಅವರು ಉಗುಳಿ ಬಂದು ಮಾತಾಡಿದರೆ ಅದು ದೊಡ್ಡ ಬೈಗುಳ.

"ನಾಳಿ ಅಂದ್ರ ಏನ ಗೊತ್ತೇನೋ ನಿನಗ? ನಾಳಿ ಅಂದ್ರ ಆಕಿದೊಂದು ಕೂಲಿ ಹೋತು, ಬಸ್ ಚಾರ್ಜ್ ಹೋತು. ಇಂಥಾ ದಿನ ಬಾ ಅಂತ ಹೇಳು, ಇಲ್ಲಾ ಬರಬ್ಯಾಡ ಅಂತ ಹೇಳು. ನಾಳಿ ಅನ್ನೋ ಮಾತು ಈ ಕಿಟಕ್ಯಾಗ ಬರಬಾರ್ದು."

ನನಗೆ ಆ ನೌಕರಿಯಲ್ಲಿ ಸಿಕ್ಕ ತರಬೇತಿ ಅಷ್ಟೇ. ಆಮೇಲೆ ಕಂಪ್ಯೂಟರಿನ ಬಗ್ಗೆ ಎಷ್ಟೋ ತರಬೇತಿಗಳಿಗೆ ಕಳಿಸಿದರು, ಚಹಾ ಬಿಸ್ಕೀಟು ಚೆನ್ನಾಗಿರುತ್ತಿತ್ತು.

ಆಗ ದುಡ್ಡು ಚೆಕ್ಕಿನಲ್ಲಿ ಕಾಲೇಜಿಗೇ ಬರುತ್ತಿತ್ತು. ಹುಡುಗರನ್ನು ಸಾಲಾಗಿ ನಿಲ್ಲಿಸಿ, ರೆವಿನ್ಯೂ ಸ್ಟ್ಯಾಂಪಿನ ಮೇಲೆ ಸಹಿ ಮಾಡಿಸಿಕೊಂಡು ಕೈಗೆ ಕೊಡುತ್ತಿದ್ದೆವು. ಅದರಲ್ಲಿ ತಿನ್ನುವವರು ತಿನ್ನುತ್ತಿದ್ದರು, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಬೈಯಲು ಒಬ್ಬ ಮನುಷ್ಯನಾದರೂ ಎದುರಿಗೆ ಇರುತ್ತಿದ್ದ. ಆನ್‌ಲೈನ್ ಬಂದ ಮೇಲೆ ದುಡ್ಡು ನೇರ ಮಕ್ಕಳ ಖಾತೆಗೆ ಹೋಯಿತು, ಅದು ಒಳ್ಳೆಯದೇ. ಬೈಗುಳ ಮಾತ್ರ ನನ್ನ ಹತ್ತಿರವೇ ಉಳಿಯಿತು. ಸರ್ವರ್ ನಿಂತರೂ ನನಗೇ ಬೈಗುಳ, ಹತ್ತಿ ಬಿಡಿಸಿ ಬಿಡಿಸಿ ತಾಯಂದಿರ ಬೆರಳಿನ ಗೆರೆ ಸವೆದು ಯಂತ್ರ ಹಿಡಿಯದಿದ್ದರೂ ನನಗೇ ಬೈಗುಳ.

ಅಯ್ಯಪ್ಪ ಎಂಬ ಹುಡುಗನ ಕಥೆ ಹೇಳುತ್ತೇನೆ. ಅವನ ಸ್ಕಾಲರ್‌ಶಿಪ್ ಮಂಜೂರಾಗಿತ್ತು, ದುಡ್ಡು ಹಾಕಲಾಗಿದೆ ಎಂದು ಕಂಪ್ಯೂಟರ್ ತೋರಿಸುತ್ತಿತ್ತು, ಅವನ ಖಾತೆಯಲ್ಲಿ ಮಾತ್ರ ಏನೂ ಇರಲಿಲ್ಲ. ಕಾರಿಡಾರಿನಲ್ಲಿ ಎಲ್ಲರೂ ಕೇಳುವಂತೆ, "ಸಾಬ ತಿಂದಾನ," ಎಂದ. ನಾನು ಅಂದು ಊಟದ ಡಬ್ಬಿ ತೆರೆಯಲಿಲ್ಲ. ಅವನನ್ನು ಕರೆದು, ನೀನು ಸಣ್ಣವನಿದ್ದಾಗ ಬೇರೆ ಯಾವುದಾದರೂ ಬ್ಯಾಂಕಿನಲ್ಲಿ ನಿನ್ನ ಹೆಸರಿಗೆ ಖಾತೆ ತೆರೆದಿದ್ದರೇ ಎಂದು ಕೇಳಿದೆ. ಇಲ್ಲವೇ ಇಲ್ಲ ಎಂದ. ಕೊನೆಗೆ ನೋಡಿದರೆ ಸುರಪುರದ ಒಂದು ಬ್ಯಾಂಕಿನಲ್ಲಿ ಅವರಪ್ಪ ಎಂದೋ ಖಾತೆ ಮಾಡಿಸಿ ಮರೆತಿದ್ದ, ಆಧಾರ್ ಅದಕ್ಕೇ ಜೋಡಣೆಯಾಗಿತ್ತು, ದುಡ್ಡು ಅಲ್ಲಿ ಹೋಗಿ ಸುಮ್ಮನೆ ಕೂತಿತ್ತು. ಅಯ್ಯಪ್ಪ ತಪ್ಪಾಯಿತು ಎಂದು ಹೇಳಲು ಬರಲಿಲ್ಲ. ಮರುವರ್ಷ ತನ್ನ ತಂಗಿಯನ್ನು ನಮ್ಮ ಕಾಲೇಜಿಗೇ ಸೇರಿಸಿ, "ಸಾಬ್ರ ಹಂತೇಕ ಹೋಗು, ಅವ್ರು ನೋಡ್ಕೋತಾರ," ಎಂದು ಕಳಿಸಿದ. ಈ ನೌಕರಿಯಲ್ಲಿ ಕ್ಷಮೆ ಹೀಗೆಯೇ ಬರುತ್ತದೆ, ಗುರುತಿಸುವುದನ್ನು ಕಲಿಯಿರಿ.

ಸ್ಕಾಲರ್‌ಶಿಪ್ ಒಂದನ್ನೇ ನಂಬಿ ಕೂತರೆ ಮಕ್ಕಳು ಮನೆಗೆ ಹೋಗಿಬಿಡುತ್ತಾರೆ. ಬೇರೆ ದಾರಿಗಳನ್ನೂ ತಿಳಿದುಕೊಂಡಿರಬೇಕು. ತಾಯಂದಿರ ಸಂಘದ ಸಾಲ ಇದೆ, ಅದು ಬೇಗ ಸಿಗುತ್ತದೆ, ವಾರವಾರ ಕಟ್ಟಬೇಕು. ಬ್ಯಾಂಕಿನ ಶಿಕ್ಷಣ ಸಾಲ ಇದೆ, ಅದನ್ನು ಕೇಳಲು ಹೋದರೆ ಅಪ್ಪನ ಪಗಾರದ ಚೀಟಿ ಕೇಳುತ್ತಾರೆ. ಹಮಾಲಿ ಮಾಡುವವನಿಗೆ ಪಗಾರದ ಚೀಟಿ ಯಾರು ಕೊಡಬೇಕು? ಪೇಟೆಯ ಸಾಹುಕಾರರು ಇದ್ದಾರೆ. ಫೀ ಕಟ್ಟುತ್ತಾರೆ, ಶಾಲು ಹೊದಿಸಿಕೊಳ್ಳುತ್ತಾರೆ, ಹುಡುಗಿಯನ್ನು ಪಕ್ಕಕ್ಕೆ ನಿಲ್ಲಿಸಿ ಫೋಟೋ ತೆಗೆಸುತ್ತಾರೆ. ಇನ್ನು ಜಾತಿಜಾತಿಯ ಸಮಾಜದ ಫಂಡುಗಳಿವೆ, ಅವು ತಮ್ಮ ಮಂದಿಗೆ ಮಾತ್ರ. ಈ ಬಾಗಿಲುಗಳನ್ನೆಲ್ಲ ನಾನು ಒಬ್ಬಳೇ ಹುಡುಗಿಗಾಗಿ ತಟ್ಟಿದ್ದೇನೆ. ಅವಳ ಹೆಸರು ಹುಸೇನಮ್ಮ.

ಕೊಂಕಲ್‌ನ ಹುಡುಗಿ. ವಡಗೇರಾಕ್ಕೆ ಬಂದು ಬಸ್ಸು ಬದಲಿಸಿ ಶಹಾಪುರಕ್ಕೆ ಬರುತ್ತಿದ್ದಳು. ಬಿ.ಎಸ್ಸಿ. ಎರಡನೆಯ ವರ್ಷ. ಅಪ್ಪ ಮೌಲಪ್ಪ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಅವ್ವ ಭೀಮವ್ವ ಊರಿನಲ್ಲಿ ಹತ್ತಿ ಬಿಡಿಸಲು ಹೋಗುತ್ತಿದ್ದಳು. ಜಾತಿಯಿಂದ ಕಬ್ಬಲಿಗರು. ನಮ್ಮ ಕಡೆಯವರಿಗೆ ಈ ಹೆಸರುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಹರಮ್ಮಿನಲ್ಲಿ ಊರೂರಿಗೆ ಅಲಾಯಿ ದೇವರು ಕೂರುತ್ತವೆ, ಎಲ್ಲ ಜಾತಿಯವರೂ ಹರಕೆ ಹೊರುತ್ತಾರೆ, ಕೂಸು ಹುಟ್ಟಿದರೆ ಆ ದೇವರ ಹೆಸರು ಇಡುತ್ತಾರೆ. ಹೀಗೆ ಹುಸೇನಪ್ಪ, ಲಾಲಪ್ಪ, ಮೌಲಪ್ಪ, ಇಮಾಮವ್ವ ಎಂದು ನಮ್ಮ ತರಗತಿಗಳ ತುಂಬ ಹಿಂದೂ ಮಕ್ಕಳಿದ್ದಾರೆ. ಹಾಜರಿ ಕರೆಯುವಾಗ ಯಾರಿಗೂ ಅದು ವಿಚಿತ್ರವೆನಿಸಿದ್ದಿಲ್ಲ. ನನ್ನ ಹೆಸರೂ ಹುಸೇನ್ ಎಂದೇ.

ಹುಸೇನಮ್ಮ ಮೊದಲ ವರ್ಷದ ಫೀಯನ್ನು ಅವ್ವನ ಸಂಘದ ಸಾಲದಿಂದ ಕಟ್ಟಿದ್ದಳು. ಎರಡನೆಯ ವರ್ಷಕ್ಕೆ ಸ್ಕಾಲರ್‌ಶಿಪ್ಪನ್ನೇ ನೆಚ್ಚಿಕೊಂಡಿದ್ದಳು. ನಾನೇ ಕೂತು ಅರ್ಜಿ ನೋಡಿ ಕಳಿಸಿದ್ದೆ, ಎಲ್ಲ ಸರಿಯಿತ್ತು. ಅದು ವಾಪಸು ಬಂತು. ಹಿಂದುಳಿದ ವರ್ಗದ ಅರ್ಜಿ ನೋಡುವವರು ಹೀಗೆ ಬರೆದಿದ್ದರು: ಅರ್ಜಿದಾರರ ಹಾಗೂ ತಂದೆಯ ಹೆಸರನ್ನು ಗಮನಿಸಲಾಗಿ ಇವರು ಅಲ್ಪಸಂಖ್ಯಾತರೆಂದು ಕಂಡುಬರುತ್ತದೆ, ಸಂಬಂಧಿಸಿದ ಕಚೇರಿಯಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅಲ್ಪಸಂಖ್ಯಾತರ ಅರ್ಜಿ ನೋಡುವವರನ್ನು ಕೇಳಿದರೆ, ಜಾತಿ ಪ್ರಮಾಣಪತ್ರದಲ್ಲಿ ಹಿಂದೂ ಎಂದು ಇದೆಯಲ್ಲ, ನಮಗೆ ಬರುವುದಿಲ್ಲ ಎಂದರು. ಇಬ್ಬರದೂ ಒಂದೇ ಕಟ್ಟಡ, ಒಬ್ಬರು ಮೇಲಿನ ಮಹಡಿ, ಇನ್ನೊಬ್ಬರು ಕೆಳಗಿನ ಮಹಡಿ. ಹುಡುಗಿ ನಡುವಿನ ಮೆಟ್ಟಿಲ ಮೇಲೆ ನಿಂತಳು.

ಪರೀಕ್ಷೆ ಹತ್ತಿರ ಬಂತು. ಫೀ ಬಾಕಿ ಇದ್ದವರಿಗೆ ಹಾಲ್ ಟಿಕೆಟ್ ಕೊಡಬೇಡಿ ಎಂದು ಆಡಳಿತ ಮಂಡಳಿಯಿಂದ ಪ್ರಾಂಶುಪಾಲರಿಗೆ ಮಾತು ಬಂದಿತ್ತು. ಭೀಮವ್ವ ಕಿಟಕಿಗೆ ಬಂದಳು. ಮಗಳು ಹಿಂದೆ ನಿಂತಿದ್ದಳು, ಮುಖ ಬಿಗಿದುಕೊಂಡಿದ್ದಳು.

"ಸಾಬ್ರ, ಈಕಿ ಅಪ್ಪ ಫೋನ್ ಮಾಡಿದ್ದ. ರೊಕ್ಕ ಬರಂಗಿಲ್ಲಂದ್ರ ಇಬ್ರೂ ಇಲ್ಲಿಗೇ ಬರ್ರಿ, ಇಲ್ಲಿ ಕೆಲಸ ಅದ ಅಂತಾನ. ಹತ್ತಿ ಮುಗೀತು ನಮ್ದು. ಇದ್ರ ಇರ್ತೀವಿ, ಇಲ್ಲಂದ್ರ ಹೋಗ್ತೀವ್ರಿ. ಖರೇ ಹೇಳಿಬಿಡ್ರಿ, ಬರ್ತದೋ ಇಲ್ಲೋ?"

ನಾಳೆ ಬಾ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಶರಣಪ್ಪನವರು ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಅವರು ಎದ್ದು ಉಗುಳಲು ಹೋದಂತೆ ಕಂಡಿತು. ಸೋಮವಾರ ಯಾದಗಿರಿಗೆ ಹೋಗೋಣ, ಮೂವರೂ ಹೋಗೋಣ ಎಂದೆ. ಅಲ್ಲಿಯವರೆಗೆ ಬೇರೆ ದಾರಿ ಹುಡುಕುತ್ತೇನೆ ಎಂದೂ ಹೇಳಿದೆ.

ಹುಡುಕಿದೆ. ಸಂಘದ ಹಳೆಯ ಸಾಲ ತೀರಿರಲಿಲ್ಲ, ಹೊಸದು ಹುಟ್ಟಲಿಲ್ಲ. ಬ್ಯಾಂಕಿನವರು ಪಗಾರದ ಚೀಟಿ ಎಂದರು. ಫೋಟೋದ ಸಾಹುಕಾರರು ಈ ವರ್ಷದ್ದು ಮುಗಿಯಿತು ಎಂದರು. ರಂಗಂಪೇಟೆಯಲ್ಲಿ ನಮ್ಮವರದೇ ಒಂದು ಚಿಕ್ಕ ಫಂಡ್ ಇತ್ತು, ಅದನ್ನು ನೋಡಿಕೊಳ್ಳುತ್ತಿದ್ದ ಹಿರಿಯರ ಬಳಿ ನಮಾಜು ಮುಗಿದ ಮೇಲೆ ಮಾತು ತೆಗೆದೆ. ಹೆಸರು ಕೇಳಿ ಅವರ ಮುಖ ಅರಳಿತು. ಪೂರ್ತಿ ವಿಷಯ ಹೇಳಿದ ಮೇಲೆ ಗಡ್ಡ ನೀವಿಕೊಂಡರು.

"ನಾಮ್ ತೋ ಹಮಾರಾಚ್ ಹೈ ಮಿಯಾ," ಎಂದರು. ಹೆಸರೇನೋ ನಮ್ಮದೇ. "ಲೇಕಿನ್ ಕಾಯದಾ..." ಎಂದು ಮಾತು ನಿಲ್ಲಿಸಿದರು. ಅವರಿಗೂ ಕಾಯದೆ ಇತ್ತು, ಲೆಕ್ಕ ಕೇಳುವವರು ಇದ್ದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಒಂದು ಹೆಸರಿಗಾಗಿ ಮೂರು ಕಡೆ ಬಾಗಿಲು ಹಾಕಿಸಿಕೊಂಡ ಹುಡುಗಿಯನ್ನು ನಾನು ಮೊದಲ ಸಲ ನೋಡಿದ್ದೆ, ಅಷ್ಟೇ.

ಸೋಮವಾರ ರಜೆ ಹಾಕಿ ಯಾದಗಿರಿಗೆ ಹೋದೆ. ತಾಯಿ ಮಗಳು ವಡಗೇರಾದಿಂದ ನೇರ ಬಂದಿದ್ದರು. ಭೀಮವ್ವ ಹೊಸ ಸೀರೆ ಉಟ್ಟಿದ್ದಳು. ಮೊದಲು ಕೆಳಗಿನ ಮಹಡಿ, ಅಲ್ಲಿಂದ ಮೇಲಕ್ಕೆ, ಮೇಲಿನಿಂದ ಮತ್ತೆ ಕೆಳಕ್ಕೆ ಕಳಿಸಿದರು. ನನ್ನ ಮೊಣಕಾಲು ಆಗಲೇ ಹೇಳಿದ ಮಾತು ಕೇಳುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೇಲಿನ ಮಹಡಿಯಲ್ಲಿ ಹಿಂದುಳಿದ ವರ್ಗದ ಅರ್ಜಿ ನೋಡುವ ಅಧಿಕಾರಿ ಸಿಕ್ಕರು.

ಅವರು ದಕ್ಷಿಣದ ಕಡೆಯವರು, ಹೊಸದಾಗಿ ವರ್ಗವಾಗಿ ಬಂದಿದ್ದರು. ಮರ್ಯಾದೆಯ ಮನುಷ್ಯ, ಕೂರಲು ಹೇಳಿದರು. ಮೇಜಿನ ಮೇಲೆ ಅರ್ಜಿ ಇತ್ತು, ನನ್ನ ಗುರುತಿನ ಚೀಟಿ ಇತ್ತು. ಎರಡನ್ನೂ ನೋಡಿದರು.

"ನೀವೂ ಹುಸೇನ್, ಈ ಹುಡುಗಿನೂ ಹುಸೇನಮ್ಮ. ನಿಮ್ಮ ಸಂಬಂಧಿಕರಾ?"

"ಇಲ್ರಿ ಸರ್. ಅವ್ರು ಕಬ್ಬಲಿಗರು."

"ತಂದೆ ಹೆಸರು ಮೌಲಪ್ಪ?"

"ಹೌದ್ರಿ. ಅವರೂ ಕಬ್ಬಲಿಗರೇ."

ಅವರು ನಕ್ಕರು, ಆದರೆ ನಗು ಬೇಗ ಆರಿತು. ಹಿಂದಿನ ಜಿಲ್ಲೆಯಲ್ಲಿ ಅವರ ಕೈಕೆಳಗೆ ಬೋಗಸ್ ಅರ್ಜಿಗಳು ಪಾಸಾಗಿ ಅವರ ಮೇಲೆ ವಿಚಾರಣೆ ನಡೆದಿತ್ತಂತೆ, ಅದನ್ನು ಅವರೇ ಹೇಳಿದರು. "ನೀವು ಹೇಳೋದು ನಿಜ ಇರಬಹುದು ಸರ್. ಆದರೆ ನಾಳೆ ಆಡಿಟ್‌ನವರು ಕೇಳಿದರೆ ಏನು ತೋರಿಸಲಿ? ಒಂದು ಕೆಲಸ ಮಾಡಿ. ಅಫಿಡವಿಟ್ ಮಾಡಿಸಿ ಹೆಸರು ಬದಲಾಯಿಸಿಕೊಳ್ಳಲಿ. ಹೇಮಾ ಅಂತಲೋ ಏನೋ ಒಂದು ಇಟ್ಟುಕೊಳ್ಳಲಿ. ಮುಂದೆ ನೌಕರಿಗೂ ಒಳ್ಳೆಯದು."

"ಹತ್ತನೇತ್ತಿ ಮಾರ್ಕ್ಸ್ ಕಾರ್ಡಿನಿಂದ ಹಿಡದು ಎಲ್ಲಾ ಬದಲಿ ಆಗಬೇಕಾಗ್ತದರಿ. ಅಷ್ಟರಾಗ ಪರೀಕ್ಷಾ ಮುಗದಿರ್ತದ," ಎಂದೆ.

ಅವರು ಪೆನ್ನು ತಿರುಗಿಸುತ್ತ ಯೋಚಿಸಿದರು. ಹಾಗಾದರೆ ತಾಯಿಯಿಂದ ಒಂದು ಹೇಳಿಕೆ ಬರೆಸಿಕೊಂಡು ಬನ್ನಿ ಎಂದರು. ಮಗಳ ಹೆಸರಿಗೂ ಮುಸ್ಲಿಂ ಧರ್ಮಕ್ಕೂ ಯಾವುದೇ ಸಂಬಂಧ ಇರುವುದಿಲ್ಲ ಎಂದು ಬರೆದು ಹೆಬ್ಬೆಟ್ಟು ಒತ್ತಿದರೆ ಅದನ್ನಿಟ್ಟುಕೊಂಡು ಮುಂದೆ ನೋಡುತ್ತೇನೆ ಎಂದರು. ಇಷ್ಟು ಸುಲಭವಾಗಿ ಮುಗಿಯುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಬಿಳಿ ಹಾಳೆ ತೆಗೆದುಕೊಂಡು ಹೊರಗೆ ಬಂದೆ.

ಮೆಟ್ಟಿಲ ಮೇಲೆ ಮೂವರೂ ಕೂತೆವು. ನಾನು ಬರೆದು ಓದಿ ಹೇಳಿದೆ. ಭೀಮವ್ವ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಸಂಬಂಧ ಇಲ್ಲಂತ ಹ್ಯಾಂಗ ಒತ್ತಲ್ರಿ ಸಾಬ್ರ? ಸಂಬಂಧ ಅದ ಅಲ್ಲೇನ್ರಿ?"

"ಕಾಗದಕ್ಕಷ್ಟೇನಮ್ಮ," ಎಂದೆ. "ಮನಸಿನಾಗ ಏನರ ಇರ್ಲಿ."

"ಮನಸಿನಾಗ ಒಂದು, ಹೆಬ್ಬಟ್ಟಿನಾಗ ಒಂದು ನನಗ ಆಗಂಗಿಲ್ರಿ. ದೇವ್ರು ನೋಡ್ತಾನ."

ಆಗ ಹುಸೇನಮ್ಮ ಬಾಯಿ ಬಿಟ್ಟಳು. "ನಿನ್ನ ದೇವ್ರು ಬಂದು ಫೀ ಕಟ್ತಾನೇನಬೇ? ಸರ್, ಹೆಸ್ರೇ ಬದಲಿ ಮಾಡಿಸಿಬಿಡ್ರಿ. ಸಾಕಾಗ್ಯಾದ ನನಗ. ಬಸ್ ಪಾಸ್ ಮಾಡ್ಸಾಕ ಹೋದ್ರೂ ಕೇಳ್ತಾರ, ಬ್ಯಾಂಕಿನಾಗೂ ಕೇಳ್ತಾರ. ಎಲ್ಲಾರ್ಗೂ ನಾನೇ ಬಿಡಿಸಿ ಹೇಳಬೇಕು. ನಾ ಸಿಮೆಂಟ್ ಹೊರಾಕ ಹೋಗಾಕಿ ಅಲ್ಲ, ನಾ ಓದಾಕಿ."

ಆ ಹುಡುಗಿಯ ಮೇಲೆ ನನಗೆ ತುಂಬ ಮರುಕವಾಯಿತು, ತಾಯಿಯ ಮೇಲೂ ಆಯಿತು. ಇಬ್ಬರಲ್ಲಿ ಯಾರ ಪರವಾಗಿ ಮಾತಾಡಬೇಕೆಂದು ಗೊತ್ತಾಗಲಿಲ್ಲ. ಜನ ನಮ್ಮನ್ನು ದಾಟಿಕೊಂಡು ಹತ್ತಿ ಇಳಿಯುತ್ತಿದ್ದರು. ಅಧಿಕಾರಿ ಊಟಕ್ಕೆ ಎದ್ದು ಹೋದರೆ ಮತ್ತೆ ಎಂದು ಸಿಗುತ್ತಾರೋ ಎಂಬ ಚಿಂತೆ ಬೇರೆ ಹತ್ತಿತ್ತು. ಆ ಹಾಳೆಯಲ್ಲಿ ಬರೆದದ್ದು ಸುಳ್ಳು ಎಂದು ನನಗೂ ಗೊತ್ತಿತ್ತು. ಹುಸೇನ್ ಎಂಬ ಹೆಸರು ನನ್ನ ಅಜ್ಜನದು, ನನ್ನದು. ಅದಕ್ಕೂ ನಮಗೂ ಸಂಬಂಧವಿಲ್ಲ ಎಂದು ನಾನೇ ಚಂದದ ಅಕ್ಷರದಲ್ಲಿ ಬರೆದಿದ್ದೆ.

ಭೀಮವ್ವ ಮಗಳ ಮಾತಿಗೆ ಸಿಟ್ಟಾಗಲಿಲ್ಲ. ಅವಳ ಜಡೆಯ ಮೇಲೆ ಕೂತಿದ್ದ ಧೂಳು ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಇದ್ದದ್ದು ಬರ್ಕೋರಿ ಸಾಬ್ರ. ನಾ ಹೇಳ್ತೀನಿ," ಎಂದಳು.

ನಾನು ಇನ್ನೊಂದು ಹಾಳೆ ತೆಗೆದೆ.

"ನನಗ ಹುಟ್ಟಿದ ಕೂಸು ಉಳೀತಿದ್ದಿಲ್ಲ. ಊರಾಗ ಅಲಾಯಿ ದೇವ್ರು ಕುಂತಾಗ, ಒಂದು ಕೂಸು ಉಳಸು, ನಿನ್ನ ಹೆಸ್ರು ಇಡ್ತೀವಿ ಅಂತ ಹುಸೇನ ದೇವ್ರಿಗೆ ಬೇಡ್ಕೊಂಡ್ವಿ. ಉಳೀತು. ಇಟ್ವಿ. ನಾವು ಕಬ್ಬಲಿಗರು. ಇಷ್ಟೇ ಅದರಿ. ಇದರಾಗ ಸುಳ್ಳೇನದ?"

ಕಚೇರಿಯ ಕನ್ನಡಕ್ಕೆ ತಿರುಗಿಸಲು ನೋಡಿದೆ, ಕೈ ಓಡಲಿಲ್ಲ. ಅವಳು ಹೇಳಿದ ಹಾಗೆಯೇ ಬರೆದೆ. ಭೀಮವ್ವ ಹೆಬ್ಬೆಟ್ಟು ಒತ್ತಿದಳು. ಮಸಿ ಹತ್ತಿದ ಬೆರಳನ್ನು ಹೊಸ ಸೀರೆಗೆ ತಾಗದಂತೆ ಎತ್ತಿ ಹಿಡಿದುಕೊಂಡು ಒಳಗೆ ಬಂದಳು.

ಅಧಿಕಾರಿ ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಹುಡುಗಿಯನ್ನು ನೋಡಿದರು, ಅವಳು ಗೋಡೆ ನೋಡುತ್ತಿದ್ದಳು. "ಇದನ್ನ ಯಾವ ಕಾಲಂಗೆ ಹಾಕಲಿ?" ಎಂದು ನನ್ನನ್ನು ಕೇಳಿದರು. ಕೇಳಿದ ಧಾಟಿಯಲ್ಲಿ ತಮಾಷೆ ಇರಲಿಲ್ಲ, ನಿಜವಾಗಿಯೂ ಕಾಲಂ ಹುಡುಕುತ್ತಿದ್ದರು. ಕೊನೆಗೆ ಕಾಗದವನ್ನು ಫೈಲಿಗೆ ಸೇರಿಸಿ, "ನೋಡೋಣ," ಎಂದರು.

ನೋಡೋಣ ಎಂಬುದು ನಾಳೆ ಬಾ ಎಂಬುದರ ಅಣ್ಣ. ಆದರೂ ನಾನು ಆ ಕಾಗದದ ಒಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಸವಿತಾ, ಈ ಒಂದು ಮಾತು ನೆನಪಿಟ್ಟುಕೋ: ಮೊಹರು ಇಲ್ಲದೆ ಯಾವ ಕಚೇರಿಯಿಂದಲೂ ಕೆಳಗೆ ಇಳಿಯಬೇಡ. ಮರುದಿನ ಅದನ್ನು ನಮ್ಮ ಪ್ರಾಂಶುಪಾಲರ ಮುಂದೆ ಇಟ್ಟೆ. ಅವರು ಕೆಟ್ಟವರಲ್ಲ, ಹೆದರುವವರು. ಹೆದರುವವರಿಗೆ ಮೊಹರು ಬಹಳ ಧೈರ್ಯ ಕೊಡುತ್ತದೆ. ಸ್ಕಾಲರ್‌ಶಿಪ್ ಪರಿಶೀಲನೆಯಲ್ಲಿದೆ, ಬಂದ ಕೂಡಲೇ ಫೀ ಕಟ್ಟುತ್ತೇನೆ ಎಂದು ಹುಡುಗಿಯಿಂದ ಬರೆಸಿಕೊಂಡು ಹಾಲ್ ಟಿಕೆಟ್ ಕೊಟ್ಟರು. ಭೀಮವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದಕ್ಕೇನ್ರಿ ಇಷ್ಟೆಲ್ಲಾ?" ಎಂದಳು.

ಅವಳು ಬೆಂಗಳೂರಿಗೆ ಗಂಡನ ಹತ್ತಿರ ಒಬ್ಬಳೇ ಹೋದಳು. ಮಗಳನ್ನು ಶಹಾಪುರದಲ್ಲಿ ತನ್ನ ತಂಗಿಯ ಮನೆಯಲ್ಲಿ ಬಿಟ್ಟಿದ್ದಳು. ಹುಸೇನಮ್ಮ ಪರೀಕ್ಷೆ ಬರೆದಳು, ಪಾಸಾದಳು. ಅರ್ಜಿ ಮಾತ್ರ ಪರಿಶೀಲನೆಯಲ್ಲಿದೆ ಎಂದೇ ತೋರಿಸುತ್ತಿತ್ತು. ಮೂರನೆಯ ವರ್ಷಕ್ಕೆ ಸೇರಿಸಿಕೊಳ್ಳಲು ಮತ್ತೆ ಪ್ರಾಂಶುಪಾಲರ ಬಾಗಿಲಲ್ಲಿ ನಿಂತೆ, ಮತ್ತೆ ಅದೇ ಮೊಹರು ತೋರಿಸಿದೆ. ನನ್ನ ಬೀಳ್ಕೊಡುಗೆಯ ದಿನ ಕೊರಳಲ್ಲಿ ಹಾರ ಇದ್ದಾಗಲೇ ಸವಿತಾಳನ್ನು ಕರೆದು, "ಒಂದ್ಸಲ ತಗದು ನೋಡವ್ವ," ಎಂದೆ. ನೋಡಿ ತಲೆಯಾಡಿಸಿದಳು. ಆ ಹಾರ ತೆಗೆದಿಟ್ಟು ಬಸ್ಸು ಹತ್ತಿದಾಗ ನನಗೆ ಬಿಡುಗಡೆಯ ಸಂತೋಷವೇನೂ ಆಗಲಿಲ್ಲ. ಕೆಲಸ ಅರ್ಧಕ್ಕೆ ಬಿಟ್ಟು ಬಂದೆ ಎಂಬ ಬೇಸರವಿತ್ತು, ಸುರಪುರದ ಗುಡ್ಡ ಕಾಣುವವರೆಗೂ ಇತ್ತು.

ಆಮೇಲೆ ಒಂದು ದಿನ ಸವಿತಾಳ ಫೋನ್ ಬಂತು. ಊಟದ ವಿಚಾರ ಕೇಳದೆ ನೇರವಾಗಿ, "ಸರ್, ಹುಸೇನಮ್ಮಂದು ರೊಕ್ಕ ಬಿದ್ದಾದರಿ," ಎಂದಳು. ನಾನು ಫೋನನ್ನು ಕೆಳಗಿಟ್ಟು ಅದನ್ನೇ ನೋಡುತ್ತ ಕೂತೆ. ಹೆಂಡತಿ ಬಂದು ಯಾರು ಸತ್ತರು ಎಂದು ಕೇಳಿದಳು.

ಮೊಹರಮ್ಮಿಗೆ ಭೀಮವ್ವ ಊರಿಗೆ ಬಂದವಳು ಮಗಳನ್ನು ಕರೆದುಕೊಂಡು ರಂಗಂಪೇಟೆಗೂ ಬಂದಳು. ಅಲಾಯಿ ದೇವರ ಮುಂದೆ ಮುಲ್ಲಾನಿಂದ ಓದಿಸಿಕೊಂಡು ಬಂದ ಸಕ್ಕರೆಯ ಪೊಟ್ಟಣ ನನ್ನ ಹೆಂಡತಿಯ ಕೈಗಿಟ್ಟಳು. ನನ್ನ ಹೆಂಡತಿ ಮೊಹರಮ್ಮಿನ ಸಿಹಿರೊಟ್ಟಿ, ಚೋಂಗೆ, ಕಟ್ಟಿಕೊಟ್ಟಳು. ಇಬ್ಬರೂ ಒಬ್ಬರಿಗೊಬ್ಬರ ಮಾತು ಅರ್ಧಂಬರ್ಧ ತಿಳಿಯುತ್ತಿದ್ದರೂ ಬಹಳ ಹೊತ್ತು ಮಾತಾಡಿದರು. ಹುಸೇನಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಸರ್, ಡಿಗ್ರಿ ಮುಗದ ಮ್ಯಾಲ ಹೆಸ್ರು ಬದಲಿ ಮಾಡಿಸ್ಬೇಕಂದ್ರ ಎಲ್ಲಿಂದ ಶುರು ಮಾಡ್ಬೇಕ್ರಿ?"

ತಾಯಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಹೇಳಬಾರದು ಎಂದು ಒಂದು ಕ್ಷಣ ಅನಿಸಿತು. ಆದರೆ ಕಿಟಕಿಗೆ ಬಂದವರಿಗೆ ದಾರಿ ಹೇಳುವುದು ನನ್ನ ಕೆಲಸ, ಯಾವ ದಾರಿ ಹಿಡಿಯಬೇಕೆಂದು ಹೇಳುವುದಲ್ಲ. ನೋಟರಿಯಿಂದ ಹಿಡಿದು ಪತ್ರಿಕೆಯ ಜಾಹೀರಾತಿನವರೆಗೆ ಎಲ್ಲ ಹೇಳಿದೆ. ಗಮನವಿಟ್ಟು ಕೇಳಿಸಿಕೊಂಡಳು. ಆಮೇಲೆ, "ಬಾಳ ಅದರಿ," ಎಂದಳು. ಮಾಡಿಸಿದಳೋ ಬಿಟ್ಟಳೋ ಇನ್ನೂ ನನಗೆ ತಿಳಿದಿಲ್ಲ.

ಇದನ್ನು ಇಲ್ಲಿಗೆ ಮುಗಿಸಬೇಕೆಂದಿದ್ದೆ. ಮೊನ್ನೆ ಮತ್ತೆ ಫೋನ್ ಬಂತು.

"ಸರ್, ಊಟ ಆತೇನ್ರಿ? ಯಾದಗಿರಿಯಿಂದ ಹೊಸಾ ನಮೂನೆ ಬಂದದರಿ. ಅಲಾಯಿ ದೇವ್ರ ಹೆಸ್ರು ಇದ್ದವ್ರೆಲ್ಲಾ ತುಂಬಿ ಕೊಡ್ಬೇಕಂತ. ಓದ್ತೀನಿ ಕೇಳ್ರಿ." ಆಕೆ ತುಂಬಲು ಬಿಟ್ಟ ಜಾಗಗಳನ್ನೂ ಸೇರಿಸಿ ಓದಿದಳು. ಸದರಿ ವಿದ್ಯಾರ್ಥಿಯ ಜನನಕ್ಕೂ ಪೂರ್ವದಲ್ಲಿ ನಾವು ಖಾಲಿ ಜಾಗ ದೇವರಿಗೆ ಬೇಡಿಕೊಂಡಿದ್ದು, ಮಗು ಉಳಿದಿದ್ದು, ಸದರಿ ದೇವರ ಹೆಸರನ್ನೇ ಇಟ್ಟಿರುತ್ತೇವೆ. ನಾವು ಖಾಲಿ ಜಾಗ ಜಾತಿಗೆ ಸೇರಿದವರಾಗಿರುತ್ತೇವೆ. ಇದರಲ್ಲಿ ಯಾವುದೇ ಸುಳ್ಳು ಇರುವುದಿಲ್ಲ.

ಭೀಮವ್ವನ ಮಾತು. ಮೇಲಿನ ಮಹಡಿಯವರು ಕೊನೆಗೂ ಅದಕ್ಕೊಂದು ಕಾಲಂ ಮಾಡಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇನ್ನು ಮೇಲೆ ಈ ಜಿಲ್ಲೆಯ ಹುಸೇನಪ್ಪಂದಿರೆಲ್ಲ ತಮ್ಮ ತಾಯಂದಿರ ಹರಕೆಯನ್ನು ದ್ವಿಪ್ರತಿಯಲ್ಲಿ ಸಲ್ಲಿಸಬೇಕು. ಆದರೆ ಮೆಟ್ಟಿಲ ಮೇಲೆ ಕೂರಬೇಕಾಗಿಲ್ಲ.

"ಈಗ ಏನು ಅಡಚಣೆ?" ಎಂದೆ.

"ಇಲ್ಲಿ ಲಾಲಪ್ಪ ಅಂತ ಒಬ್ಬ ಹುಡುಗ ಬಂದಾನ್ರಿ, ಅವ್ರ ಅವ್ವನೂ ಬಂದಾಳ. ಎಲ್ಲಾ ತುಂಬೀನಿ. ಕೆಳಗ, ಬೇಡಿಕೊಂಡಿದ್ದಕ್ಕೆ ಹಾಗೂ ಮಗು ಉಳಿದಿದ್ದಕ್ಕೆ ದಾಖಲೆ ಲಗತ್ತಿಸುವುದು ಅಂತ ಅದರಿ. ದಾಖಲೆ ಅಂತ ಏನ ಹಚ್ಚಲ್ರಿ?"

"ಆ ಹುಡುಗನ್ನ ಕರ್ಕೊಂಡು ಹೋಗಿ ಅವ್ರ ಮುಂದ ನಿಲ್ಸವ್ವ," ಎಂದೆ. "ಅವನೇ ದಾಖಲೆ."

ಆ ಕಡೆಯಿಂದ ಕೀಲಿಮಣೆಯ ಸದ್ದು ಕೇಳಿತು.

"ಸರ್," ಎಂದಳು ಸವಿತಾ, "ಇದು ಪಿಡಿಎಫ್ ಕೇಳಾಕತ್ತದರಿ."